ಜಾಡಿ ವಾಪಸ್ ಕೊಡಲು ಹೋದ ರಮಾಮಣಿ

ಅಮೆರಿಕದ ಹಿಲ್ಸ್‌ಬರೋದ ರಮಾಮಣಿಯವರು ಯುದ್ಧ ನಡೆಯುತ್ತಿರುವ ಉಕ್ರೇನಿಗೆ ಹೋಗಿಬಂದದ್ದು ಯಾತಕ್ಕೆ ಅಂದರೆ, ಒಂದು ಗಾಜಿನ ಜಾಡಿ ವಾಪಸ್ ಕೊಡಲಿಕ್ಕೆ. ನಗಬೇಡಿ. ಅವರ ಯಜಮಾನರು ಜಗದೀಶ್ ಆಗಲೇ ಸಾಕಷ್ಟು ನಕ್ಕಿದ್ದಾರೆ.

ಪಕ್ಕದ ಮನೆಯ ಒಕ್ಸಾನಾಳ ತಾಯಿ ಹಲೀನಾ, ಯುದ್ಧಕ್ಕೆ ಮೊದಲು, ಮಗಳ ಬಾಣಂತನಕ್ಕೆಂದು ಬಂದು ಆರು ತಿಂಗಳು ಇದ್ದರು. ಅವರಿಗೂ ರಮಾಮಣಿಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಆದರೂ ಬೇಲಿಯ ಆಚೀಚೆ ನಿಂತು ಗಂಟೆಗಟ್ಟಲೆ ಹರಟೆ. ಊರಿಗೆ ಹೊರಡುವಾಗ ಹಲೀನಾ ಒಂದು ಜಾಡಿ ತುಂಬ ಚೆರಿ ಜಾಮ್ ಕೊಟ್ಟರು. ಜಾಮ್ ವಾರದಲ್ಲೇ ಖಾಲಿ. ಜಾಡಿ ಮಾತ್ರ ಶೆಲ್ಫಿನ ಮೇಲೆ ಕೂತು ನಾಲ್ಕು ವರ್ಷ ರಮಾಮಣಿಯನ್ನೇ ನೋಡಿತು. ಬಂದ ಪಾತ್ರೆ ವಾಪಸ್ ಹೋಗಬೇಕು, ಬರಿದಾಗಿ ಹೋಗಬಾರದು, ಕೊನೆಗೆ ಒಂದು ಚಮಚ ಸಕ್ಕರೆಯಾದರೂ ಹಾಕಿಡಬೇಕು ಎಂದು ಮೈಸೂರಿನಲ್ಲಿ ಅವರಮ್ಮ ಕಲಿಸಿದ್ದು ಮರೆಯುವಂಥದ್ದೇ? ಅಲ್ಲಿ ನೋಡಿದರೆ ಬಾಂಬು ಬೀಳುತ್ತಿದೆ. ಜಾಡಿಯ ಒಡತಿಗೇ ಏನಾದರೂ ಆಗಿಬಿಟ್ಟರೆ?

ಒಕ್ಸಾನಾ ತಾಯಿಯನ್ನು ನೋಡಲು ಹೊರಟಾಗ, "ನಾನೂ ಬರ್ತೀನಿ" ಎಂದುಬಿಟ್ಟರು ರಮಾಮಣಿ.

"ಕೊರಿಯರ್ ಮಾಡೇ, ಪುಣ್ಯಾತ್ಗಿತ್ತಿ!" ಎಂದರು ಜಗದೀಶ್.

"ಕೊರಿಯರ್‌ನವ್ನು ಅವರ ಜೊತೆ ಕೂತು ಎರಡು ಮಾತಾಡ್ತಾನೇನ್ರೀ?"

ಐಸೆಲಿನ್‌ನ ಇಂಡಿಯನ್ ಅಂಗಡಿಗೆ ಹೋಗಿ ನಿಂಬೆಹಣ್ಣು ತಂದು, ಉಪ್ಪಿನಕಾಯಿ ಹಾಕಿ, ಜಾಡಿ ತುಂಬಿ, ಜಗದೀಶರ ಎರಡು ಥರ್ಮಲ್ ಪ್ಯಾಂಟಿನಲ್ಲಿ ಸುತ್ತಿದರು. ಯುದ್ಧದಿಂದಾಗಿ ಉಕ್ರೇನಿಗೆ ವಿಮಾನವಿಲ್ಲ. ಪೋಲೆಂಡಿನಿಂದ ಹೊರಟ ರೈಲಿನಲ್ಲಿ ತಪಾಸಣೆಗೆ ಬಂದ ಸೈನಿಕ, ಕೆಂಪಗೆ ಎಣ್ಣೆ ತೇಲುವ ಆ ಜಾಡಿಯನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ರಮಾಮಣಿ ಚಮಚ ತೆಗೆದು ಸೀದಾ ಅವನ ಬಾಯಿಗೇ ಇಟ್ಟರು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಪಾಪ, ಇನ್ನೊಂದು ಚಮಚ ಕೇಳಿದ.

ಹಲೀನಾರ ಊರಾದ ಲ್ವಿವ್ ನಗರದಲ್ಲಿ ರಮಾಮಣಿ ಕಣ್ಣರಳಿಸಿಕೊಂಡೇ ನಡೆದರು. ಗಾಜು ಒಡೆದರೆ ಚೂರು ಸಿಡಿಯದಿರಲೆಂದು ಕಿಟಕಿಗೆ ಟೇಪ್ ಅಂಟಿಸಿದ್ದಾರೆ, ಸರಿ. ಆದರೆ ಹೂವು, ಹಕ್ಕಿಯ ಆಕಾರದಲ್ಲಿ! "ಅಯ್ಯೋ, ರಂಗೋಲಿ ಕಣೇ!" ಎಂದು ಒಕ್ಸಾನಾಳಿಗೆ ಕನ್ನಡದಲ್ಲೇ ಹೇಳಿದರು. ಕರೆಂಟಿಲ್ಲದ ಹೂವಿನಂಗಡಿಯಲ್ಲಿ ಒಬ್ಬಾಕೆ ಹಣೆಗೆ ಟಾರ್ಚ್ ಕಟ್ಟಿಕೊಂಡು ಟುಲಿಪ್ ಮಾರುತ್ತಿದ್ದಳು. ಹಲೀನಾರ ಅಡುಗೆಮನೆಯಲ್ಲಂತೂ ಖಾಲಿ ಮೀನಿನ ಡಬ್ಬಿಯೊಳಗೆ ರಟ್ಟು ಸುತ್ತಿಟ್ಟು ಮೇಣ ಹೊಯ್ದದ್ದೇ ಒಲೆ. ಅದರ ಮೇಲೆ ಚಹಾ. ಖಾಲಿ ಡಬ್ಬಿ ಎಸೆಯದ ಹೆಂಗಸು! ರಮಾಮಣಿಗೆ ಒಡಹುಟ್ಟಿದವಳೇ ಸಿಕ್ಕಂತಾಯಿತು. ಇಬ್ಬರೂ ತಬ್ಬಿಕೊಂಡು ಅತ್ತರು.

ಇನ್ನೇನು ಜಾಡಿ ಕೊಡಬೇಕು, ಸೈರನ್ ಕೂಗಿತು. ಎಲ್ಲರೂ ನೆಲಮಾಳಿಗೆಗೆ ಓಡಿದರು. ರಮಾಮಣಿ ಪಾಸ್‌ಪೋರ್ಟನ್ನು ಮೇಲೆಯೇ ಬಿಟ್ಟು ಜಾಡಿಯನ್ನು ಎತ್ತಿಕೊಂಡಿದ್ದರು. ಹಲೀನಾ ಮೆಲ್ಲಗೆ ಜಾಡಿ ತೆಗೆದುಕೊಂಡು, ಕಪ್ಪು ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ಇಡೀ ಕಟ್ಟಡದವರಿಗೆ ಹಂಚಿದರು. ಸೈರನ್ ನಿಲ್ಲುವಷ್ಟರಲ್ಲಿ ಎಲ್ಲರ ಮೂಗೂ ಸೋರುತ್ತಿತ್ತು, ಜಾಡಿ ಖಾಲಿಯಾಗಿತ್ತು. ಸದ್ಯ, ಕೊಟ್ಟಾಯಿತಪ್ಪ ಎಂದು ರಮಾಮಣಿ ಉಸಿರುಬಿಟ್ಟರು.

ಹೊರಡುವ ದಿನ ಹಲೀನಾ ಅದೇ ಜಾಡಿಯನ್ನು ತೊಳೆದು, ಚೆರಿ ಜಾಮ್ ತುಂಬಿ ಅವರ ಕೈಗಿಟ್ಟರು.

"ಅಯ್ಯಯ್ಯೋ, ಬೇಡ! ಮತ್ತೆ ವಾಪಸ್ ತಂದುಕೊಡಬೇಕಾಗುತ್ತೆ!"

ರಮಾಮಣಿ ಇಂಗ್ಲಿಷಿನಲ್ಲಿ ಅಂದದ್ದನ್ನು ಒಕ್ಸಾನಾ ತಾಯಿಗೆ ತಿಳಿಸಿದಳು. ಹಲೀನಾ ನಕ್ಕು ಏನೋ ಅಂದರು.

"ಅದಕ್ಕೇ ಕೊಡ್ತಿರೋದು ಅಂತಿದಾರೆ ಅಮ್ಮ," ಎಂದಳು ಒಕ್ಸಾನಾ.

ಈಗ ಹಿಲ್ಸ್‌ಬರೋದಲ್ಲಿ ಜಾಮ್ ಅರ್ಧಕ್ಕೆ ಇಳಿದಿದೆ. ಸಿಹಿ ಮುಟ್ಟಬಾರದ ಜಗದೀಶ್ ದಿನಾ ಕದ್ದು ಎರಡೆರಡು ಚಮಚ ತಿಂದು ಖಾಲಿ ಮಾಡುತ್ತಿದ್ದಾರೆ. ಈ ಸಲ ಅವರೂ ಬರುತ್ತಾರಂತೆ.