ಗುರುವಾರದ ಅಪ್ಪ

ಮರೆಮ್ಮನದು ಕೇಳಿದ್ದಕ್ಕೆ ಉತ್ತರ ಸಿಗುವ ತನಕ ಜಾಗ ಬಿಟ್ಟು ಕದಲದ ಜೀವ. ಯಾದಗಿರಿ ಕಡೆಯಿಂದ ಗಂಡ ಶಿವಪ್ಪನ ಜೊತೆ ಪುಣೆಗೆ ಬಂದು ಇಪ್ಪತ್ತೆರಡು ವರ್ಷ ಕಟ್ಟಡಗಳಲ್ಲಿ ಕಾಂಕ್ರೀಟು ಹೊತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡೇ ಇಂಜಿನಿಯರನ್ನು ನಿಲ್ಲಿಸಿ, “ಸಾಹೇಬ್ರ, ಈ ಕಂಬ ಇಲ್ಲೇ ಯಾಕ್ರಿ? ಒಂದ್ ಮಾರು ಆ ಕಡೆ ಯಾಕಿಲ್ಲ?” ಎಂದು ಕೇಳಿದ್ದುಂಟು. ಅಕ್ಷರ ಹೆಚ್ಚಿಗೆ ಬಾರದು. ಹಾಜರಿ ಪುಸ್ತಕ ನೋಡಿ ನೋಡಿ ತನ್ನ ಹೆಸರು, ಅಂಕಿ, ವಾರದ ಏಳು ದಿನ ಇಷ್ಟನ್ನು ಕಲಿತಿದ್ದಳು. ಗಂಡ ತೀರಿಹೋಗಿ, ಮೊಣಕಾಲು ಸವೆದ ಮೇಲೆ ಧನಕವಡಿಯ ಎರಡು ಖೋಲಿಯ ಮನೆಯಲ್ಲಿ ಸೊಸೆ ಅನುಸೂಯಾ, ಮೊಮ್ಮಗಳು ಆರತಿ, ಮೊಮ್ಮಗ ದತ್ತು ಇವರೊಂದಿಗೆ ಇದ್ದಳು.

ಮಗ ಜಟ್ಟೆಪ್ಪ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದಿನಾ ಹೋಗಿ ಬರುವ ದೂರವಲ್ಲ, ದೌಂಡದಲ್ಲಿ ನಾಲ್ವರು ಸೇರಿ ಒಂದು ಖೋಲಿ ಹಿಡಿದಿದ್ದರು. ಕಾರ್ಖಾನೆಗೆ ಗುರುವಾರ ರಜೆ. ಬುಧವಾರ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವನು. ಗುರುವಾರ ಮಕ್ಕಳು ಶಾಲೆಗೆ ಹೋದ ಮೇಲೆ ನಿದ್ದೆ ಹೊಡೆಯುವನು, ನಲ್ಲಿ ರಿಪೇರಿ ಮಾಡುವನು. ಶುಕ್ರವಾರ ಮಕ್ಕಳು ಏಳುವ ಮೊದಲೇ ರೈಲು. ಮಕ್ಕಳಿಗೆ ಭಾನುವಾರ ರಜೆ, ಅಂದು ಅಪ್ಪನಿಲ್ಲ. ಮೂರು ವರ್ಷದಿಂದ ಹೀಗೇ ನಡೆದಿತ್ತು.

ಎರಡು ಸಾವಿರದ ಒಂದನೇ ಇಸವಿ, ಜನವರಿ. ಕಾರ್ಖಾನೆಯವರು ಕೆಲಸಗಾರರ ಮನೆಮಂದಿಗೆಲ್ಲ ಘಟ್ಟದ ಕೆಳಗಿನ ದೊಡ್ಡ ಪಾರ್ಕಿನ ಪಾಸು ಕೊಟ್ಟರು. ಗಿರ್ರನೆ ಮೇಲೇರಿ ಇಳಿಯುವ ದೊಡ್ಡ ತೊಟ್ಟಿಲು, ನೀರಿನ ಜಾರುಬಂಡೆ, ಓಡುವ ಪುಟ್ಟ ರೈಲು ಎಲ್ಲ ಇದ್ದ ಜಾಗ. ಪಾಸು ನಡೆಯುವುದು ಬರುವ ಗುರುವಾರ ಮಾತ್ರ.

“ಸಾಲಿಗೆ ಜ್ವರ ಅಂತ ಬರದು ಕಳಸೂಣು,” ಎಂದಳು ಅನುಸೂಯಾ.

ಐದನೇ ಇಯತ್ತೆಯ ಆರತಿ ಒಪ್ಪಲಿಲ್ಲ. ಜೂನ್‌ನಿಂದ ಒಂದು ದಿನವೂ ಶಾಲೆ ತಪ್ಪಿಸದವಳು. ವರ್ಷವಿಡೀ ಬಂದವರಿಗೆ ವೇದಿಕೆಯ ಮೇಲೆ ಕರೆದು ಬಹುಮಾನ ಕೊಡುತ್ತಿದ್ದರು. “ಜ್ವರ ಬಂದಾಕಿ ಮರದಿನ ಬಿಸಲಾಗ ಕರ್ರಗಾಗಿ ಹೋದ್ರ ಟೀಚರ್ ಏನ್ ಕುರುಡರೇನು? ನಮ್ಮ ಕ್ಲಾಸಿನ ಹುಡುಗ ಬಾಳು ಹಂಗ ಮಾಡಿ ಸಿಕ್ಕೊಂಡಾನ. ಅವಂಗ ಎಲ್ಲಾರೂ ‘ಜ್ವರ, ಜ್ವರ’ ಅಂತ ಕರೀತಾರ. ನಾ ಒಲ್ಲೆ. ನೀವ ಹೋಗ್ರಿ.”

ಜಟ್ಟೆಪ್ಪನ ಮುಖ ಇಳಿಯಿತು. “ಆಕೀನ ಬಿಟ್ಟು ನಾ ಹೋಗಂಗಿಲ್ಲ ಯವ್ವಾ,” ಎಂದು ಪಾಸನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಮಗ ದೌಂಡಕ್ಕೆ ಹೋದ ಮೇಲೆ ಮರೆಮ್ಮ ಸೀರೆ ಸರಿಮಾಡಿಕೊಂಡು ನೆಟ್ಟಗೆ ಶಾಲೆಗೆ ನಡೆದಳು. ಮಕ್ಕಳೆಲ್ಲ ‘ಮೋಠ್ಯಾ ಬಾಯಿ’ ಎನ್ನುತ್ತಿದ್ದ ಮುಖ್ಯೋಪಾಧ್ಯಾಯಿನಿಯ ಎದುರು ನಿಂತು, ತನಗೆ ಬಂದ ಮರಾಠಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು.

“ತೊಟ್ಟಿಲಾಡಲಿಕ್ಕೆ ರಜೆಯೇ ಆಜಿ? ಎಲ್ಲರೂ ಹೀಗೆ ಕೇಳಿದರೆ ನಾನು ಬೆಂಚುಗಳಿಗೆ ಪಾಠ ಹೇಳಬೇಕಾಗುತ್ತದೆ,” ಎಂದರು ಅವರು.

“ಆಗಲಿ. ಒಂದು ಮಾತು ಕೇಳುತ್ತೇನೆ. ನನ್ನ ಮಗನಿಗೇ ಯಾಕೆ ಗುರುವಾರ ರಜೆ? ಕ್ಯಾಲೆಂಡರಿನಲ್ಲಿ ಭಾನುವಾರವಲ್ಲವೇ ಕೆಂಪಗಿರುವುದು?”

ಮೋಠ್ಯಾ ಬಾಯಿ ಪೆನ್ನು ಕೆಳಗಿಟ್ಟರು. ಕಾರ್ಖಾನೆಗಳೆಲ್ಲ ಒಂದೇ ದಿನ ನಿಂತು, ಉಳಿದ ದಿನ ಎಲ್ಲವೂ ಒಟ್ಟಿಗೇ ನಡೆದರೆ ಕರೆಂಟು ಸಾಲದು. ಅದಕ್ಕೆ ಒಂದೊಂದು ಭಾಗದ ಕಾರ್ಖಾನೆಗಳಿಗೆ ವಾರದ ಒಂದೊಂದು ದಿನ ರಜೆ ಹಂಚಿದ್ದಾರೆ ಎಂದು ಬಿಡಿಸಿ ಹೇಳಿದರು.

“ಹಾಗಾದರೆ ನಿಮ್ಮ ತಲೆಯ ಮೇಲಿನ ಈ ಪಂಖಾ ತಿರುಗಲೆಂದು ನನ್ನ ಮಗ ಭಾನುವಾರ ದುಡಿಯುತ್ತಾನೆ,” ಎಂದಳು ಮರೆಮ್ಮ. ದೂರಿನ ದನಿಯಲ್ಲಿ ಅಲ್ಲ. ಮೂರು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅದನ್ನು ಬಾಯಿಬಿಟ್ಟು ಹೇಳಿ ಖಾತ್ರಿ ಮಾಡಿಕೊಂಡಳು, ಅಷ್ಟೇ.

ಮೋಠ್ಯಾ ಬಾಯಿ ಪಂಖಾದ ಕಡೆ ನೋಡಿದರು. “ಆಜಿ, ಹೋಗಿ ಬರಲಿ. ಯಾರೂ ಬೈಯುವುದಿಲ್ಲ. ಆದರೆ ಗೈರುಹಾಜರಿ ಗೈರುಹಾಜರಿಯೇ. ಬಹುಮಾನ ಸಿಗುವುದಿಲ್ಲ.”

“ಅದು ಸರಿಯೇ. ಬಾರದವಳನ್ನು ಬಂದಳು ಅಂತ ಹೇಗೆ ಬರೆಯುತ್ತೀರಿ?”

ಮನೆಗೆ ಬಂದು ಮರೆಮ್ಮ ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಆರತಿಗೆ ಒಪ್ಪಿಸಿದಳು. ಬುಧವಾರ ಸಂಜೆ ಬಟ್ಟೆ ಮಡಚುತ್ತಾ ಹುಡುಗಿ ಅಜ್ಜಿಯನ್ನು ಕೇಳಿದಳು, “ಆಯಿ, ಅಪ್ಪಾ ನಾಳಿ ದಿನಪೂರ್ತಿ ನಮ್ಮ ಜೋಡೀನ ಇರ್ತಾನೇನ? ಅಲ್ಲೂ ಮಕ್ಕೊಂಡ್ರ?”

“ಮಕ್ಕೊಂಡ್ರ ಎಬ್ಬಸು. ಅವ ನಿಮ್ಮಪ್ಪ, ನನ್ನ ಯಾಕ ಕೇಳ್ತಿ?”

“ಹಂಗಾರ ಬರ್ತೀನಿ.”

ಮರುದಿನ ಪಾರ್ಕಿನಲ್ಲಿ ಜನವೋ ಜನ. ದೊಡ್ಡ ತೊಟ್ಟಿಲಿನ ಸಾಲು ಹಾವಿನಂತೆ ಸುತ್ತಿಕೊಂಡಿತ್ತು. ದತ್ತು ಅವ್ವನನ್ನು ಎಳೆದುಕೊಂಡು ಪುಟ್ಟ ರೈಲಿನ ಕಡೆ ಓಡಿದ. ಉಳಿದ ಮೂವರು ಸಾಲಿನಲ್ಲಿ ನಿಂತರು. ಮರೆಮ್ಮ ತಲೆಯೆತ್ತಿ ತೊಟ್ಟಿಲಿನ ಬೋಲ್ಟುಗಳನ್ನು ಒಂದೊಂದಾಗಿ ನೋಡತೊಡಗಿದಳು. ಎಂಟನೇ ಮಹಡಿಯಲ್ಲಿ ಹಲಗೆಯ ಮೇಲೆ ನಡೆದವಳಿಗೆ ಎತ್ತರದ ಅಂಜಿಕೆ ಇರಲಿಲ್ಲ. ಇದನ್ನು ಬಿಗಿಮಾಡುವವರು ಯಾರು, ದಿನಾ ಮಾಡುತ್ತಾರೋ ವಾರಕ್ಕೊಮ್ಮೆಯೋ, ಅದಷ್ಟೇ ತಿಳಿಯಬೇಕಿತ್ತು.

ಮುಂದೆ ಆರತಿ ಅಪ್ಪನ ಬೆರಳು ಹಿಡಿದಿದ್ದಳು. “ದೌಂಡದಾಗ ಅಡಗಿ ಯಾರು ಮಾಡತಾರ?”

“ಪಾಳಿ ಮ್ಯಾಲ. ನನ್ನ ಪಾಳಿ ಸೋಮವಾರ.”

“ನಿನಗ ರೊಟ್ಟಿ ಬರ್ತಾವು?”

“ದುಂಡಗ ಬರಂಗಿಲ್ಲ. ನಮ್ಮ ಖೋಲಿ ಈರಣ್ಣ ನಗತಾನ, ‘ಇದು ಮಹಾರಾಷ್ಟ್ರದ ನಕಾಶಿ’ ಅಂತಾನ.”

ಹುಡುಗಿ ಕಿಲಕಿಲ ನಕ್ಕಳು. “ಕಾರ್ಖಾನ್ಯಾಗ ಏನ್ ಮಾಡ್ತಿ?”

ಅದನ್ನು ಜಟ್ಟೆಪ್ಪನಿಗೆ ಯಾರೂ ಕೇಳಿರಲಿಲ್ಲ, ತಾಯಿಯೂ ಕೇಳಿರಲಿಲ್ಲ. ಊರಿಗೆಲ್ಲ ಪ್ರಶ್ನೆ ಹಾಕುವ ತಾನು ಮಗನಿಗೆ ಇದೊಂದನ್ನು ಯಾಕೆ ಕೇಳಲಿಲ್ಲ ಎಂದು ಮರೆಮ್ಮನಿಗೇ ಸೋಜಿಗವಾಯಿತು. ಬೋಲ್ಟು ಬಿಟ್ಟು ಈ ಕಡೆ ಕಿವಿಗೊಟ್ಟಳು.

“ಒಂದು ದೊಡ್ಡ ಹಂಡೆ ಅದ ಅಂತ ತಿಳಕೋ, ನಮ್ಮ ಮನೀಗಿಂತಾ ದೊಡ್ಡದು. ಅದರ ಕಾವು ಏರಿತೋ ಇಳೀತೋ ಅಂತ ನಾ ಕಾಯತೀನಿ. ಮುಳ್ಳು ಕೆಂಪು ಗೆರಿ ದಾಟಬಾರದು...”

“ದಾಟಿದ್ರ?”

ಅಷ್ಟರಲ್ಲಿ ಸಾಲು ಮುಗಿದಿತ್ತು. ಗೇಟಿನವನು ಸರಪಳಿ ತೆಗೆದು, “ಚಲಾ, ಚಲಾ, ಬಸಾ!” ಎಂದು ಕೂಗಿ ಬೇಗ ಹತ್ತಿ ಕೂರುವಂತೆ ಕೈ ಮಾಡಿದ. ಖಾಲಿ ತೊಟ್ಟಿಲು ಬಂದು ಎದುರಿಗೇ ನಿಂತಿತು.

ಆರತಿ ಅದರ ಕಡೆ ನೋಡಲೂ ಇಲ್ಲ. ಅಪ್ಪನನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿಕೊಂಡು ಹಿಂದಿನವರಿಗೆ ದಾರಿ ಬಿಟ್ಟಳು. “ನೀವ ಹೋಗ್ರಿ. ನಮ್ಮಪ್ಪಾ ಇನ್ನಾ ಹೇಳಾಕತ್ತಾನ.”