ಬೀಗದೊಳಗಿನ ಹೋಮ್‌ವರ್ಕ್ ಡಬ್ಬಿ

ಕಳೆದ ಸೋಮವಾರ ನನ್ನ ಮಗಳಿಗೂ ಅವಳೊಂದಿಗೆ ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೂ ಭೌತಶಾಸ್ತ್ರದ ಹೋಮ್‌ವರ್ಕಿಗೆ ಸೊನ್ನೆ ಹಾಕಿದರು, ಸ್ನೇಹಿತರೆ. ಶನಿವಾರ ಮಧ್ಯಾಹ್ನ ಕೊಟ್ಟ ಲೆಕ್ಕಗಳನ್ನು ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಲ್ಯಾಬಿನೊಳಗಿನ ಡಬ್ಬಿಗೆ ಹಾಕಲಿಲ್ಲವಂತೆ. "ಹರಿಹರದವ್ರು ಯಾವಾಗ್ಲೂ ಲೇಟೇ" ಎಂದರಂತೆ ಲೆಕ್ಚರರ್. ಈ ಅಂಕಗಳು ಇಂಟರ್ನಲ್ಸ್‌ಗೆ ಸೇರುತ್ತವೆ.

ಇವತ್ತು ಮತ್ತೆ ಸೋಮವಾರ. ಮಗಳ ಜೊತೆ ಮೊದಲ ಬಸ್ಸಿಗೆ ನಾನೂ ಹೋದೆ. ಎಂಟೂವರೆಗೆ ಲ್ಯಾಬಿನ ಮುಂದಿದ್ದೆವು. ಬಾಗಿಲಿಗೆ ಬೀಗ. ಎಂಟೂಮುಕ್ಕಾಲಿಗೆ ಲೆಕ್ಚರರ್ ಬಂದರು. ಮಗಳ ಈ ವಾರದ ಹೋಮ್‌ವರ್ಕ್ ಹಾಳೆಗಳನ್ನು ಅವರ ಕೈಗೇ ಕೊಟ್ಟೆ.

"ಇನ್ನೂ ಕಾಲು ಗಂಟೆ ಐತೆ ಸರ್. ನೀವೇ ಡಬ್ಬಿಗೆ ಹಾಕ್ರಿ."

"ಅಟೆಂಡರ್ ಬರ್ಲಿ, ತಡೀರಿ."

ಅಟೆಂಡರ್ ಬಂದದ್ದು ಒಂಬತ್ತೂವರೆಗೆ. "ದಿನಾ ನಾ ಬರೋದೇ ಈ ಹೊತ್ತಿಗಲ್ರೀ ಸರ" ಎನ್ನುತ್ತಾ ಬೀಗ ತೆಗೆದ.

"ಹಂಗಾರೆ ನಿಮಗೂ ಸೊನ್ನೆ ಹಾಕ್ಬೇಕಲ್ರೀ ಸರ್" ಎಂದಳು ಮಗಳು.

ಲೆಕ್ಚರರ್ ಅಲ್ಲೇ ನಿಂತು ಎಲ್ಲರ ಸೊನ್ನೆಗಳನ್ನೂ ಹೊಡೆದುಹಾಕಿದರು. ನಾನು ಅಲ್ಲಿ ಓದುವಾಗ ವರಾಂಡದಲ್ಲಿದ್ದ ಡಬ್ಬಿ ಇವತ್ತು ಮತ್ತೆ ವರಾಂಡಕ್ಕೆ ಬಂದಿದೆ.

ಆದರೆ ಒಂದು ಪ್ರಶ್ನೆ ಉಳಿದಿದೆ. ಕಳೆದ ಸೋಮವಾರ ಏಳು ಮಂದಿಗೆ ಮಾತ್ರ ಸಮಯಕ್ಕೆ ಸಲ್ಲಿಸಿದ್ದಾರೆಂದು ಪೂರ್ತಿ ಅಂಕ ಬಂದಿತ್ತು. ಏಳೂ ಮಂದಿ ಲೆಕ್ಚರರ ಮನೆಗೆ ಟ್ಯೂಷನ್‌ಗೆ ಹೋಗುವವರು. ಬೀಗ ಹಾಕಿದ ಕೋಣೆಯ ಡಬ್ಬಿಗೆ ಅವರ ಹಾಳೆಗಳು ಹೇಗೆ ಬಿದ್ದವು? ಉತ್ತರವನ್ನು ನನ್ನ ಕಿವಿಯಲ್ಲಿ ಹೇಳುವುದು ಬೇಡ. ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕಲಿ. ಅದೂ ಬರುವ ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ.