ಅಪ್ಪ ಬೇಡಿದ ನಾಯಿ

ನಾನು ಚಿಕ್ಕವನಿದ್ದಾಗಲೂ ಬೆಕ್ಕಿನ ಪಕ್ಷವೇ, ಈಗಲೂ ಅದೇ ಪಕ್ಷ. ನಾಯಿ ಎಂದರೆ ನನಗೆ ಅಷ್ಟಕ್ಕಷ್ಟೇ. ಕರೆದ ಕೂಡಲೇ ಓಡಿ ಬರುವುದು, ಬೈದರೂ ಬಾಲ ಅಲ್ಲಾಡಿಸುವುದು, ಒಂದು ತುಂಡು ರೊಟ್ಟಿಗೆ ಊರವರ ಕಾಲೆಲ್ಲ ನೆಕ್ಕುವುದು, ಇದನ್ನೆಲ್ಲ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಬೆಕ್ಕು ಹಾಗಲ್ಲ. ಕರೆದರೆ ಒಂದು ಕಿವಿಯನ್ನು ಮಾತ್ರ ಈ ಕಡೆ ತಿರುಗಿಸುತ್ತದೆ. ಮನಸ್ಸಿದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನನ್ನ ಸ್ವಭಾವವೂ ಅದೇ ಎಂದು, ಮೊಮ್ಮಕ್ಕಳೇ, ನಿಮ್ಮ ಅಜ್ಜಿ ಹೇಳುತ್ತಾಳೆ. ಹೇಳಲಿ.

ಆದರೂ ಇಷ್ಟು ವಯಸ್ಸಿನಲ್ಲಿ ಮೂರು ನಾಯಿಗಳಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಒಂದು, ಇಂಡಿ ಊರಿನ ಹತ್ತಿರದ ನಿಂಬೆ ತೋಟದ ಕುಂಟ ನಾಯಿ. ತೋಟಕ್ಕೆ ನುಗ್ಗಿದ ಆಡುಗಳನ್ನು ಮೂರೇ ಕಾಲಿನಲ್ಲಿ ಬೇಲಿಯಾಚೆ ಅಟ್ಟಿ ಬಂದು, ಏನೂ ಆಗಿಲ್ಲವೆಂಬಂತೆ ನೆರಳಲ್ಲಿ ಮಲಗುತ್ತಿತ್ತು. ಇನ್ನೊಂದು, ತಾಳಿಕೋಟೆಯ ಬಸ್ ನಿಲ್ದಾಣದ್ದು. ನಿಂತ ಬಸ್ಸಿನ ಕೆಳಗೆ ಅದರ ಮರಿಗಳು ಮಲಗಿದ್ದವು. ಮರಿಗಳನ್ನು ತೆಗೆಯುವ ತನಕ ಅದು ಡ್ರೈವರನನ್ನು ಬಸ್ ಹತ್ತಲು ಬಿಡಲಿಲ್ಲ. ಇವೆರಡನ್ನು ನೆನೆದರೆ ನಗು ಬರುತ್ತದೆ. ಮೂರನೆಯದು ಚಿಕ್ಕಿ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ಒಂಬತ್ತು ವರ್ಷ. ನಮ್ಮ ಹೊಲ ಯಂಕಂಚಿಯಲ್ಲಿತ್ತು. ಬಿಳಿಜೋಳ ಕೊಯ್ದು ತೆನೆಗಳನ್ನು ಕಣದಲ್ಲಿ ರಾಶಿ ಹಾಕಿದ್ದರು. ಬರಿದಾದ ಎರೆ ಹೊಲ ಬಿಸಿಲಿಗೆ ಬಾಯಿ ಬಿಟ್ಟಿತ್ತು. ಪ್ರತಿ ವರ್ಷ ಆ ಹೊತ್ತಿಗೆ ಕುರಿ ಹಿಂಡೊಂದು ಬಂದು ಎಂಟು ಹತ್ತು ದಿನ ನಮ್ಮ ಹೊಲದಲ್ಲಿ ತಂಗುತ್ತಿತ್ತು. ಹೀಗೆ ತಂಗಿಸುವುದಕ್ಕೆ ನಮ್ಮ ಕಡೆ ಕುರಿ ತರುಬುವುದು ಎನ್ನುತ್ತಾರೆ. ಕುರಿಗಳು ಬಿಟ್ಟು ಹೋದ ಹಿಕ್ಕೆ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ನಮ್ಮ ಮನೆಯ ಜೋಳ. ಹಿಂಡಿನ ಯಜಮಾನನನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಹೆಗಲ ಮೇಲೆ ಕರಿ ಕಂಬಳಿ, ಮೈಯೆಲ್ಲ ಕುರಿ ಹಾಲಿನ ವಾಸನೆ. ಮಾತು ಬಹಳ ಕಡಿಮೆ.

ಚಿಕ್ಕಿ ಆ ಕಾಕಾನ ನಾಯಿ. ಕಂದು ಮೈ, ಹಣೆಯ ಮೇಲೆ ಚಿಕ್ಕಿಯಂಥ, ಎಂದರೆ ನಕ್ಷತ್ರದಂಥ, ಒಂದು ಬಿಳಿ ಮಚ್ಚೆ. ಹಿಂಡಿನ ನಡುವೆಯೇ ಹುಟ್ಟಿ ಬೆಳೆದದ್ದು. ಕುರಿಮರಿಗಳು ಅದರ ಬೆನ್ನು ಹತ್ತಿ ಇಳಿದರೂ ಕಣ್ಣು ತೆರೆಯುತ್ತಿರಲಿಲ್ಲ. ಆದರೆ ದೂರದ ಬದುವಿನ ಮೇಲೆ ಗೊತ್ತಿಲ್ಲದ ಹೆಜ್ಜೆ ಬಿದ್ದರೆ ಸಾಕು, ಎದ್ದು ನಿಂತುಬಿಡುತ್ತಿತ್ತು. ಬೊಗಳುವುದೂ ಅಪರೂಪವೇ. ನಾನೊಮ್ಮೆ ರೊಟ್ಟಿ ಚೂರು ಎಸೆದೆ. ಮೂಸಿ ನೋಡಿತು, ನನ್ನನ್ನೂ ಒಮ್ಮೆ ನೋಡಿತು, ಮುಖ ತಿರುಗಿಸಿತು. ಬೆಕ್ಕು ಮಾಡುವ ಕೆಲಸ ಅದು. ಅಲ್ಲಿಗೆ ಚಿಕ್ಕಿ ನನ್ನ ಮನಸ್ಸು ಗೆದ್ದಿತು.

ಈಗ ಒಂದು ರೂಢಿಯ ವಿಷಯ ಹೇಳಬೇಕು. ಹಿಂಡು ಹೊರಡುವ ದಿನ ಕುರಿಗಾರರು ಹೊಲದ ಯಜಮಾನನ ಮುಂದೆ ನಿಂತು, ನಮ್ಮಿಂದ ಏನಾದರೂ ಬೇಕೇ ಎಂದು ಕೇಳುತ್ತಿದ್ದರು. ಮುಂದಿನ ವರ್ಷ ಮತ್ತೆ ಬಾ, ಅಷ್ಟೇ ಸಾಕು ಎಂದು ಯಜಮಾನ ಹೇಳಬೇಕು. ಕೇಳುವುದೂ ಮರ್ಯಾದೆಗೆ, ಹೇಳುವುದೂ ಮರ್ಯಾದೆಗೆ. ನೀವು ಮನೆಗೆ ಬಂದವರಿಗೆ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುವುದಿಲ್ಲವೇ, ಹಾಗೆ. ನಮ್ಮ ಅಜ್ಜನ ಕಾಲದಿಂದಲೂ ಅದು ಹಾಗೇ ನಡೆದುಬಂದಿತ್ತು.

ಆ ವರ್ಷವೂ ಕಾಕಾ ಕಣದ ಹತ್ತಿರ ಬಂದು ಕೈ ಮುಗಿದ. "ನಮ್ಮಿಂದ ಏನರ ಬೇಕೇನ್ರಿ ಗೌಡ್ರ?" ಎಂದು ಕೇಳಿದ.

ಅಪ್ಪನಿಗೆ ಅವತ್ತು ಏನಾಗಿತ್ತೋ. ರಾಶಿಗೆ ಪಕ್ಕದ ಹೊಲದ ದನಗಳು ಬಾಯಿ ಹಾಕುತ್ತಿವೆ ಎಂದು ಬೆಳಗಿನಿಂದ ಗೊಣಗುತ್ತಿದ್ದ. "ಹಂಗಾದ್ರ ಆ ನಾಯಿ ಬಿಟ್ಟು ಹೋಗು. ಕಣ ಕಾಯಾಕ ಒಂದು ನಾಯಿ ಬೇಕಾಗೇತಿ" ಎಂದುಬಿಟ್ಟ.

ತೆನೆ ಬಡಿಯುತ್ತಿದ್ದ ಆಳುಗಳ ಕೈ ನಿಂತಿತು. ಕಾಕಾ ಅಪ್ಪನನ್ನು ನೋಡಿದ, ನಾಯಿಯನ್ನು ನೋಡಿದ. ಕೇಳಿದವನು ತಾನೇ, ಈಗ ಇಲ್ಲವೆನ್ನುವುದು ಹೇಗೆ? "ಆತ್ರಿ" ಎಂದ. ತಾನೇ ಚಿಕ್ಕಿಯ ಕೊರಳಿಗೆ ಹಗ್ಗ ಹಾಕಿ ಬೇವಿನ ಗಿಡಕ್ಕೆ ಕಟ್ಟಿದ. ಹಿಂಡು ಆಲಮೇಲದ ದಾರಿ ಹಿಡಿಯಿತು. ಬೇಸಿಗೆ ಜೋರಾಗುವ ಮೊದಲೇ ಅವರು ಭೀಮಾ ನದಿಯ ದಂಡೆ ಸೇರಬೇಕಾಗಿತ್ತು. ಕುರಿಗಳ ಧೂಳು ಕಣ್ಣಿಗೆ ಕಾಣುವ ತನಕ ಚಿಕ್ಕಿ ನಿಂತೇ ಇತ್ತು. ಧೂಳು ಕರಗಿದ ಮೇಲೆ ಒಮ್ಮೆ ಕೂಗಿತು. ಆ ಕೂಗನ್ನು ನಾನು ಬರೆದು ತೋರಿಸಲಾರೆ.

ಅವತ್ತಿನಿಂದ ಅದು ಏನೂ ತಿನ್ನಲಿಲ್ಲ. ಅಕ್ಕ ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಟ್ಟಳು. ಇರುವೆ ಮುತ್ತಿದವು. ನಾನು ನಮ್ಮ ಬೆಕ್ಕಿನ ಪಾಲಿನ ಕೆನೆ ಕದ್ದು ಒಯ್ದೆ. ಅದಕ್ಕೂ ಮುಖ ತಿರುಗಿಸಿತು. ಇನ್ನು ಕಣ ಕಾಯುವುದು ಎಲ್ಲಿಂದ ಬಂತು? ಹಾಡಹಗಲೇ ಎರಡು ಎಮ್ಮೆಗಳು ಬಂದು ರಾಶಿಯಲ್ಲಿ ಬಾಯಾಡಿಸಿದರೂ ಚಿಕ್ಕಿ ತಲೆ ಎತ್ತಲಿಲ್ಲ. ಅದಕ್ಕೆ ಜೋಳವೆಂದರೇನು ಗೊತ್ತು? ಕುರಿ ಕಾಯುವುದು ಗೊತ್ತಿತ್ತು, ಕಾಕಾ ಗೊತ್ತಿದ್ದ. ಅಪ್ಪ ಹಗ್ಗದ ತುದಿಯಿಂದ ಅದಕ್ಕೆ ಎರಡು ಬಾರಿಸಿದ. ಅದು ಸರಿದು ಮಲಗಿತೇ ಹೊರತು ಕುಂಯ್ ಎನ್ನಲಿಲ್ಲ. ಅವತ್ತು ಮೊದಲ ಸಲ ನನಗೆ ಅಪ್ಪನ ಮುಖ ನೋಡುವುದು ಬೇಡವಾಯಿತು.

"ಅಪ್ಪಾ, ಅದು ಸಾಯ್ತೈತಿ. ತಿರುಗಿ ಕೊಟ್ಟುಬಿಡು" ಎಂದೆ.

"ಕೊಟ್ಟದ್ದನ್ನ ತಿರುಗಿ ಒಯ್ಯಿ ಅಂದ್ರ ಅವನ ಮಾನ ಏನಾಗ್ಬೇಕು? ಹಸಿವಾದ್ರ ತಾನ ತಿಂತೈತಿ" ಎಂದ ಅಪ್ಪ. ಕಾಕಾನ ಮಾನವಂತೆ. ಯಾರ ಮಾನದ ಚಿಂತೆಯೋ ಅದು ಎಂದು ನನಗೆ ಆಗಲೇ ಗೊತ್ತಿತ್ತು.

ನಾಲ್ಕನೆಯ ದಿನ ಚಿಕ್ಕಿ ಎದ್ದು ನಿಲ್ಲಲಿಲ್ಲ. ಪಕ್ಕೆಲುಬು ಒಂದೊಂದಾಗಿ ಕಾಣುತ್ತಿದ್ದವು. ನೀರನ್ನು ಮಾತ್ರ ಒಂದೆರಡು ಗುಟುಕು ಕುಡಿಯುತ್ತಿತ್ತು. ಶಾಲೆಗೆ ಹೋಗೆಂದರೂ ಹೋಗದೆ ನಾನು ಅದರ ಹತ್ತಿರ ಕುಳಿತೆ. ಮಧ್ಯಾಹ್ನ ಆಳುಗಳು ಉಣ್ಣಲು ಕುಳಿತಿದ್ದರು. ಶೇಂಗಾ ಹಿಂಡಿಯ, ಹಸಿ ಉಳ್ಳಾಗಡ್ಡಿಯ ವಾಸನೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಚಿಕ್ಕಿಯ ಕಿವಿ ನೆಟ್ಟಗಾದವು. ಗಾಡಿ ದಾರಿಯಲ್ಲಿ ಕರಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಬರುತ್ತಿದ್ದ. ಕುರಿಗಳಿರಲಿಲ್ಲ. ಒಬ್ಬನೇ ಕಾಕಾ.

"ಸಿಂದಗಿಗೆ ಕೆಲಸ ಇತ್ರಿ. ಹಾದ್ಯಾಗ ನಿಮ್ಮನ್ನ ಮಾತಾಡಿಸಿ ಹೋಗೂಣು ಅಂತ ಬಂದೇನ್ರಿ" ಎಂದ. ಹಿಂಡನ್ನು ಹೆಂಡತಿಯ ಮೇಲೆ ಬಿಟ್ಟು, ಅಷ್ಟು ಬಿಸಿಲಲ್ಲಿ ನಡೆದುಬಂದ ಕುರಿಗಾರನಿಗೆ ಸಿಂದಗಿಯಲ್ಲಿ ಏನು ಕೆಲಸ? ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹಾಗೆನ್ನಲಿಲ್ಲ.

"ನಾಯಿ ಹೆಂಗೈತ್ರಿ?" ಎಂದ.

"ತಿನ್ನವಲ್ದು" ಎಂದ ಅಪ್ಪ.

ಆಗಲಾದರೂ ಕೇಳುತ್ತಾನೆ ಎಂದುಕೊಂಡೆ. ನನ್ನ ನಾಯಿ ನನಗೆ ಕೊಡಿ ಎಂಬ ಒಂದೇ ಒಂದು ಮಾತು. ಕಾಕಾ ಕೇಳಲಿಲ್ಲ. ಕೊಟ್ಟದ್ದನ್ನು ಕೇಳುವವನಲ್ಲ ಅವನು. ಅವನು ಬಂದದ್ದು ಚಿಕ್ಕಿಗೆ ನಮ್ಮ ಕೈಯಿಂದ ತಿನ್ನಲು ಕಲಿಸುವುದಕ್ಕೆ. ಎದುರಿಗೆ ಕುಳಿತು ತನ್ನ ಬುತ್ತಿಯ ರೊಟ್ಟಿ ಮುರಿದು ಕೊಟ್ಟ. ಚಿಕ್ಕಿ ಗಬಗಬ ತಿಂದಿತು. ಎರಡನೆಯ ತುಂಡನ್ನು ಅಪ್ಪನ ಅಂಗೈಯಲ್ಲಿಟ್ಟು "ನೀವು ಕೊಡ್ರಿ ಗೌಡ್ರ" ಎಂದ. ಚಿಕ್ಕಿ ಬಾಯಿ ಮುಚ್ಚಿತು. ಕಾಕಾ ಅಪ್ಪನ ಕೈ ಹಿಡಿದು ಅದರ ಮೂತಿಯ ತನಕ ಒಯ್ದ. ಅದು ಕಾಕಾನ ಮುಖವನ್ನೇ ನೋಡುತ್ತಿತ್ತು. ಹೀಗೆ ಮೂರು ನಾಲ್ಕು ಸಲ ಆಯಿತು.

ಕೊನೆಗೆ ಕಾಕಾ ಎದ್ದ. "ನನ್ನ ಮ್ಯಾಲ ಸಿಟ್ಟು ಬಂದ್ರ ನನ್ನ ಮರೀತೈತ್ರಿ" ಎಂದು ಹೇಳಿ, ಹೊಲದಿಂದ ಒಂದು ಹೆಂಟೆ ಆರಿಸಿಕೊಂಡ. ಹೆಂಟೆ ಎಂದರೆ ಒಣಗಿದ ಮಣ್ಣಿನ ಗಟ್ಟಿ ಉಂಡೆ, ಕಲ್ಲಿನಂತೆಯೇ ಪೆಟ್ಟು ಬೀಳುತ್ತದೆ. ಅದನ್ನು ಚಿಕ್ಕಿಯ ಮೇಲೆ ಬೀಸಿ ಎಸೆದ. ಪಕ್ಕೆಗೆ ಬಿತ್ತು. ಚಿಕ್ಕಿ ಬಾಲ ಅಲ್ಲಾಡಿಸಿತು. ಇನ್ನೊಂದು ಎಸೆದ. ಕಾಕಾನ ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು, ಬಾಯಿಂದ ಕೆಟ್ಟ ಬೈಗುಳ ಬರುತ್ತಿತ್ತು. ಚಿಕ್ಕಿ ತೆವಳಿಕೊಂಡು ಅವನ ಕಡೆಗೇ ಬರುತ್ತಿತ್ತು, ಹಗ್ಗ ಜಗ್ಗಿ ಕೊರಳು ಬಿಗಿಯುವ ತನಕ.

ಬೈದರೂ ಬಾಲ ಅಲ್ಲಾಡಿಸುವ ನಾಯಿಗಳ ಬಗ್ಗೆ ಮೊದಲೇ ಏನೋ ಅಂದೆನಲ್ಲ, ಅವತ್ತು ಮಾತ್ರ ನನಗೆ ನಾಯಿಯ ಮೇಲೆ ಸಿಟ್ಟು ಬರಲಿಲ್ಲ. ದೊಡ್ಡವರ ಮೇಲೆ ಬಂತು. ಒಬ್ಬ ಕೇಳಲಾರ, ಇನ್ನೊಬ್ಬ ಕೊಡಲಾರ, ನಡುವೆ ಪೆಟ್ಟು ತಿನ್ನುವುದು ಅದು. ನಾನೂ ಒಂದು ಹೆಂಟೆ ಎತ್ತಿದೆ, ಅಪ್ಪನಿಗೆ ಎಸೆದೆ. ಅದು ಅವನ ಎದೆಗೆ ಬಿದ್ದು ಪುಡಿಯಾಯಿತು. "ಕಾಕಾ ರೂಢಿಯಂಗ ಕೇಳಿದ್ದ. ನೀ ಖರೇನ ಬೇಡಿದಿ" ಎಂದು ಅರಚಿದೆ.

ಅಪ್ಪ ಬಂದು ಕೆನ್ನೆಗೆ ಹೊಡೆದ. ಕಿವಿ ಗುಂಯ್ ಎಂದಿತು. ಆಳುಗಳು ತುತ್ತು ಕೈಯಲ್ಲೇ ಹಿಡಿದು ಕುಳಿತಿದ್ದರು. ಅಂಗಿಯ ಮೇಲಿನ ಮಣ್ಣನ್ನೂ ಕೊಡವದೆ ಅಪ್ಪ ಚಿಕ್ಕಿಯ ಕಡೆ ತಿರುಗಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಈ ನಾಯಿ ಯಾ ಕೆಲಸಕ್ಕೂ ಬರೂದಿಲ್ಲ. ದಂಡ ನಾಯಿ ಇದು. ಒಯ್ದುಬಿಡು ಇದನ್ನ."

ಕಾಕಾನ ಕೈಯಿಂದ ಹೆಂಟೆ ಜಾರಿತು. ಅವನು ತಲೆ ಬಗ್ಗಿಸಿ, "ಹೌದ್ರಿ ಗೌಡ್ರ, ದಂಡ ನಾಯಿರಿ. ನಿಮಗ ಇಂಥಾದ್ದು ಕೊಟ್ಟದ್ದು ನಂದ ತಪ್ಪಾತ್ರಿ" ಎಂದ. ಹಗ್ಗ ಬಿಚ್ಚಿದ. ನಡೆಯಲಾರದ ಚಿಕ್ಕಿಯನ್ನು ಕಂಬಳಿಯಲ್ಲಿ ಸುತ್ತಿ ಕುರಿಮರಿಯಂತೆ ಹೆಗಲ ಮೇಲೆ ಹಾಕಿಕೊಂಡ. ಆಲಮೇಲದ ದಾರಿಯಲ್ಲೇ ಹೋದ, ಸಿಂದಗಿಯ ಕಡೆಗಲ್ಲ.

ನಾನು ರಾಶಿಯ ಮರೆಯಲ್ಲಿ ಕುಳಿತು ಅತ್ತೆ. "ನಾಯಿ ಹೋತಲ್ಲ, ಮತ್ಯಾಕ ಅಳ್ತಿ?" ಎಂದು ಅಕ್ಕ ಕೇಳಿದಳು. "ಅದನ್ನ ದಂಡ ಅಂದ್ರಲ್ಲ" ಎಂದೆ. ಹಾಗೆ ಹೇಳದಿದ್ದರೆ ಇಬ್ಬರಿಗೂ ದಾರಿಯೇ ಇರಲಿಲ್ಲ ಎಂದು ಅಕ್ಕ ತಿಳಿಸಿ ಹೇಳಿದಳು. ಕೆಟ್ಟ ನಾಯಿಯನ್ನು ಹಿಂದೆ ಕಳಿಸಿದರೆ ಕೊಟ್ಟವನ ಮಾತೂ ಉಳಿಯಿತು, ಬೇಡಿದವನ ಮುಖವೂ ಉಳಿಯಿತು. ಅವಳ ಮಾತು ನನಗೆ ಅರ್ಥವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮುಂದಿನ ವರ್ಷ ಆ ಹಿಂಡು ನಮ್ಮ ಹೊಲದ ಬದುವಿನ ಪಕ್ಕದಲ್ಲೇ ಹಾದು ಹೋಯಿತು, ನಿಲ್ಲಲಿಲ್ಲ. ಅಪ್ಪ ಕಣದಲ್ಲಿ ನಿಂತು ಕೈ ಎತ್ತಿದ. ಕಾಕಾ ಅಲ್ಲಿಂದಲೇ ಕೈ ಮುಗಿದು ನಡೆದ. ಮರಿಗಳ ಹಿಂದೆ ಚಿಕ್ಕಿಯೂ ಹೋಗುತ್ತಿತ್ತು. ನಮ್ಮ ಕಡೆ ತಿರುಗಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ನಾನು ಮೆಚ್ಚಿದ ಪ್ರಾಣಿ ಅದು.

ನಿಮ್ಮ ಕಾಲ ಬೇರೆ. ನೀವು ದಿನಕ್ಕೆ ಹತ್ತು ಸಲ "ಸಾರಿ" ಎನ್ನುತ್ತೀರಿ, ಅದರಲ್ಲಿ ಎಂಟು ಸಲ ಬಾಯಿಮಾತಿಗೆ. ಮೊಬೈಲಿನಲ್ಲಿ ಟೊಪ್ಪಿಗೆ ಹಾಕಿಕೊಂಡ ನಾಯಿಯನ್ನು ನೋಡಿ, ಎಂಥ ಒಳ್ಳೆಯ ನಾಯಿ ಎಂದು ಸಾವಿರಾರು ಜನ ಹೊಗಳುತ್ತಾರೆ. ನಾನು ನೋಡಿ ಗೊಣಗುತ್ತೇನೆ. ಆದರೆ ಹೋದ ವಾರ ನಿಮ್ಮಲ್ಲಿ ಚಿಕ್ಕವಳು ಊಟಕ್ಕೆ ಕುಳಿತಾಗ ತನ್ನ ಅಪ್ಪನಿಗೆ, ಸುಮ್ಮಸುಮ್ಮನೆ ನನ್ನನ್ನು ಬೈದದ್ದು ನಿನ್ನ ತಪ್ಪು ಎಂದಳು. ನನ್ನ ಮಗ, ಹೌದು, ನನ್ನದೇ ತಪ್ಪು ಎಂದ. ಆಮೇಲೆ ಇಬ್ಬರೂ ಅನ್ನ ಸಾರು ಉಂಡರು. ಮನೆಯ ಮಾಳಿಗೆ ಕುಸಿಯಲಿಲ್ಲ, ಯಾರ ಮಾನವೂ ಹೋಗಲಿಲ್ಲ. ನಾನು ಮಾತ್ರ ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ನನ್ನ ಅಪ್ಪ ಕೆಟ್ಟವನಾಗಿರಲಿಲ್ಲ. ನನ್ನದೇ ತಪ್ಪು ಎಂಬ ಎರಡು ಮಾತು ಅವನ ಬಾಯಿಗೆ ಬರಲಿಲ್ಲ, ಅಷ್ಟೇ. ಅವನು ಇರುವ ತನಕ ನಾನೂ ಮತ್ತೆ ಬಾಯಿ ಬಿಡಲಿಲ್ಲ. ಅದು ನನ್ನ ಹೇಡಿತನ. ಈಗ ಹತ್ತು ಜನ ಓದಲಿ ಎಂದೇ ಬರೆಯುತ್ತಿದ್ದೇನೆ. ಚಿಕ್ಕಿ ದಂಡ ನಾಯಿಯಾಗಿರಲಿಲ್ಲ. ತಪ್ಪು ನಮ್ಮ ಅಪ್ಪನದು.